ಗ್ಯಾಲರಿಯಲ್ಲಿ ಆರು ನೀಲಿ ಕೋಟು

ನನ್ನ ತಂಗಿ ಚುನಾವಣೆ ಗೆದ್ದ ದಿನ ನಾನು ಪೊರಕೆ ಹಿಡಿದುಕೊಂಡೇ ಕುಣಿದೆ. ಕೈಯಲ್ಲಿದ್ದದ್ದು ಅದೊಂದೇ. ಸದನದ ಮುಂಬಾಗಿಲಿನ ನಲವತ್ತೆರಡು ಮೆಟ್ಟಿಲು ಗುಡಿಸುತ್ತಿದ್ದೆ. ಪೇಪರಮ್ಮ ಫೋನು ಮೇಲೆತ್ತಿಕೊಂಡು ಓಡಿ ಬಂದಳು. ಅವಳು ನಮ್ಮಲ್ಲಿ ಚಿಕ್ಕವಳು. ಓದಲು ಬರುವುದು ಅವಳೊಬ್ಬಳಿಗೇ. ಬೆಳಿಗ್ಗೆ ಎಲ್ಲರಿಗೂ ಪೇಪರ್ ಓದಿ ಹೇಳುತ್ತಾಳೆ, ಅದಕ್ಕೇ ಆ ಹೆಸರು.

"ಗೆದ್ಬಿಟ್ಲು ಕಣಕ್ಕೋ! ನಿನ್ ತಂಗಿ ಗೆದ್ಬಿಟ್ಲು!"

ನಾನು ಪೊರಕೆ ತಿರುಗಿಸಿದೆ. ಬಕೆಟ್ ಉರುಳಿ ಮೆಟ್ಟಿಲು ಮೆಟ್ಟಿಲಿಗೂ ಢಣಢಣ ಸದ್ದು ಮಾಡುತ್ತಾ ಕೆಳಗೆ ಹೋಯಿತು. ಸೂಪರ್‌ವೈಸರ್ ಒಳಗಿಂದ ಬಂದ.

"ಏನಮ್ಮಾ, ಹುಚ್ಚು ಹಿಡೀತಾ?"

"ಹೂಂ ಸಾರ್, ಹಿಡೀತು."

ಹಿಡಿಯದೆ ಇರುತ್ತದೆಯೇ? ನಮ್ಮಪ್ಪ ಕಕ್ಕಸು ತೊಳೆದವನು. ನಮ್ಮವ್ವ ಕಕ್ಕಸು ತೊಳೆದವಳು. ಇಬ್ಬರು ಮಕ್ಕಳಲ್ಲಿ ಒಬ್ಬಳನ್ನು ಮಾತ್ರ ಶಾಲೆಗೆ ಕಳಿಸಲು ಆಗುತ್ತಿತ್ತು. ನನಗೆ ಹನ್ನೊಂದು, ತಂಗಿ ಪುಟ್ಟಿಗೆ ಐದು. ಪುಟ್ಟಿ ಹೋಗಲಿ ಎಂದು ನಾನೇ ಹೇಳಿದೆ. ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ನನಗೆ ಶಾಲೆ ಕಂಡರೆ ಆಗುತ್ತಿರಲಿಲ್ಲ, ಅಷ್ಟೇ. ಆಮೇಲೆ ಅದಕ್ಕಾಗಿ ಎಷ್ಟು ಸಲ ಹಣೆ ಚಚ್ಚಿಕೊಂಡಿದ್ದೇನೆ ಎನ್ನುವುದು ಬೇರೆ ಮಾತು.

ಪುಟ್ಟಿ ಓದಿದಳು, ಟೀಚರ್ ಆದಳು. ಹತ್ತೊಂಬತ್ತು ವರ್ಷ ಒಂದೇ ಶಾಲೆಯಲ್ಲಿ ಕಲಿಸಿದಳು. ಆ ಶಾಲೆಯ ಚಾವಣಿ ಕುಸಿಯಿತು. ರಿಪೇರಿ ಮಾಡುವ ಬದಲು ಶಾಲೆಯನ್ನೇ ಮುಚ್ಚುತ್ತೇವೆ ಎಂದರು. ಅವಳು ಕಪ್ಪು ಹಲಗೆ ಕಿತ್ತುಕೊಂಡು ಹೋಗಿ ಶಿಕ್ಷಣ ಕಚೇರಿಯ ಗೇಟಿಗೆ ಕಟ್ಟಿದಳು. ನಡುರಸ್ತೆಯಲ್ಲಿ ಮಕ್ಕಳನ್ನು ಕೂರಿಸಿ ಮಗ್ಗಿ ಹೇಳಿಸಿದಳು. ಹನ್ನೊಂದು ದಿನ ಬಸ್ಸು ಹೋಗಲಿಲ್ಲ, ಆಫೀಸರ್ ಕಾರು ಹೋಗಲಿಲ್ಲ. ಹನ್ನೆರಡನೇ ದಿನ ಶಾಲೆ ಉಳಿಯಿತು. ಹದಿಮೂರನೇ ದಿನ ಒಂದು ಪಕ್ಷದವರು ಮನೆಗೆ ಬಂದು ಟಿಕೆಟ್ ತಗೊಳ್ಳಿ ಎಂದರು.

ಅವಳ ಪ್ರಚಾರ ನೋಡಬೇಕಿತ್ತು! ಭಾಷಣ ಮಾಡಲು ಬರುವುದಿಲ್ಲ, ಪಾಠ ಮಾಡಲು ಬರುತ್ತದೆ. ಸಾವಿರ ಜನರ ಮುಂದೆ ನಿಂತು, "ನಿಮ್ಮ ಬೀದಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ? ಗೊತ್ತಿದ್ದೋರು ಕೈ ಎತ್ತಿ" ಎನ್ನುವಳು. ಜನ ಕೈ ಎತ್ತುವರು. "ಎಲ್ಲರೂ ಒಟ್ಟಿಗೆ ಕೂಗ್ಬಾರ್ದು, ನೀವು ಹೇಳಿ, ಹಿಂದಿನ ಸಾಲು" ಎನ್ನುವಳು. ಎದುರು ನಿಂತವನು ಅವಳ ಹಳೇ ವಿದ್ಯಾರ್ಥಿ. ಒಂದು ಸಭೆಗೆ ಗಲಾಟೆ ಮಾಡಲು ಬಂದ. ಇವಳು ಮೈಕಿನಲ್ಲೇ "ಕೂತ್ಕೋ" ಎಂದಳು. ಅವನು ಕೂತ! ಆ ಚುನಾವಣೆ ಅಲ್ಲಿಗೇ ಮುಗಿಯಿತು ಎನ್ನಿ.

ಹೀಗೆ ನಾನು ಗುಡಿಸುವ ಮೆಟ್ಟಿಲನ್ನು ನನ್ನ ತಂಗಿ ಹತ್ತುವಂತಾಯಿತು. ನಾನು ಅಲ್ಲಿ ಹನ್ನೊಂದು ವರ್ಷದಿಂದ ಕಂಟ್ರಾಕ್ಟರ್ ಕೈಕೆಳಗೆ ಇದ್ದೆ. ಮೊದಲ ದಿನ ಬರುವ ಹಿಂದಿನ ಸಂಜೆ ಪುಟ್ಟಿ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಕೆಲಸ ಬಿಟ್ಬಿಡು. ನಾನು ಸಾಕ್ತೀನಿ."

"ನಿನ್ನ ಸಾಕಿದ್ದು ನಾನು. ಈಗ ನೀನು ನನ್ನ ಸಾಕ್ತೀಯಾ? ಹೋಗೇ."

"ಹಾಗಾದ್ರೆ ಅಲ್ಲಿ ನನ್ನ ನೋಡಿದ್ರೆ ಮಾತಾಡಿಸ್ಬೇಡ. ನಿಂಗೇ ತೊಂದ್ರೆ ಆಗುತ್ತೆ."

ನನಗೆ ಏನು ತೊಂದರೆ ಆಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಖುಷಿಯಲ್ಲಿ ಕಿವಿ ಕಿವುಡಾಗಿತ್ತು.

ಸದನದಲ್ಲಿ ನಮಗೊಂದು ಪದ್ಧತಿ ಇತ್ತು. ಕಲಾಪದ ಗಂಟೆ ಹೊಡೆದ ಮೇಲೆ ಪೊರಕೆಯವರು ಕಣ್ಣಿಗೆ ಬೀಳಬಾರದು. ಮೆಟ್ಟಿಲ ಕೆಳಗೆ ಒಂದು ಗೂಡು. ಕಿಟಕಿ ಇಲ್ಲ. ಆಸಿಡ್ ಕ್ಯಾನು, ಫಿನಾಯಿಲ್, ಸುತ್ತಿಟ್ಟ ಹಳೇ ಕಾರ್ಪೆಟ್ಟು, ಒಂದು ಬಲ್ಬು. ಅದರೊಳಗೆ ಸೀರೆ ಮೇಲೆ ಕಂಟ್ರಾಕ್ಟರ್ ಕೊಟ್ಟ ನೀಲಿ ಕೋಟು ತೊಟ್ಟ ಆರು ಹೆಂಗಸರು ಬಕೆಟ್ ಬೋರಲು ಹಾಕಿಕೊಂಡು ಕೂರಬೇಕು. ಮಧ್ಯಾಹ್ನದ ಗಂಟೆಯವರೆಗೆ ನಾಲ್ಕು ತಾಸು. ಆದರೂ ಬಾಗಿಲು ತೆರೆದಿರುತ್ತಿತ್ತು. ಒಬ್ಬೊಬ್ಬರೇ ಬೆಕ್ಕಿನ ಹಾಗೆ ಜಾರಿಕೊಂಡು ಹಿಂದಿನ ಅಂಗಳದ ಕಕ್ಕಸಿಗೆ ಹೋಗಿ ಬರುತ್ತಿದ್ದೆವು. ಕಾರಿಡಾರಿನ ಸ್ಪೀಕರಿನಲ್ಲಿ ಒಳಗಿನ ಮಾತು ಕೇಳುತ್ತಿತ್ತು. ಪುಟ್ಟಿಯ ಮೊದಲ ಭಾಷಣ ನಾವು ಕೇಳಿದ್ದು ಹಾಗೆಯೇ. ಅಂದು ಅವಳು ಹಿಂದಿನ ಬೆಂಚಿನಲ್ಲಿ ಹರಟುತ್ತಿದ್ದ ಒಬ್ಬ ಮಂತ್ರಿಗೆ, "ಏನು ಮಾತು ಅಲ್ಲಿ? ನಮಗೂ ಹೇಳಿ, ನಾವೂ ನಗ್ತೀವಿ" ಎಂದುಬಿಟ್ಟಳು. ಗೂಡಿನಲ್ಲಿ ನಾವು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಆಸಿಡ್ ವಾಸನೆಯಲ್ಲಿ ನಕ್ಕರೆ ಕೆಮ್ಮು ಬರುತ್ತದೆ. ಕೆಮ್ಮುತ್ತಾ ನಕ್ಕೆವು.

ಎರಡು ವರ್ಷ ಕಳೆಯಿತು. ಪುಟ್ಟಿ ಪಾಠ ಬಿಟ್ಟು ಭಾಷಣ ಕಲಿತಳು. ಕಾರು ಬಂತು. ಸದನದ ಕಟ್ಟಡ ನೋಡಿಕೊಳ್ಳುವ ಸಮಿತಿಗೆ ಅವಳೇ ಅಧ್ಯಕ್ಷೆ ಆದಳು. ಕಾರಿಡಾರಿನಲ್ಲಿ ಎದುರಾದರೆ ನಾನು ಗೋಡೆಯ ಕಡೆ ತಿರುಗಿ ಒರೆಸುತ್ತಿದ್ದೆ. ಅವಳ ಚಪ್ಪಲಿಯ ಸದ್ದು ನನ್ನ ಬೆನ್ನ ಹಿಂದೆ ಒಂದು ಚಣ ನಿಧಾನವಾಗುತ್ತಿತ್ತು. ನಿಲ್ಲುತ್ತಿರಲಿಲ್ಲ.

ಭಾನುವಾರ ಮಾತ್ರ ನಾವು ಅಕ್ಕತಂಗಿ. ಅವಳ ಸರ್ಕಾರಿ ಮನೆಗೆ ಹೋಗಿ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಆಮೇಲೆ ಸೈನ್ ಕೆಲಸ. ಇದು ಅವಳು ಟೀಚರ್ ಆಗಿದ್ದಾಗಿನ ರೂಢಿ. ವರ್ಷಕ್ಕೆ ಮೂರು ಸಲ ಅಂಕಪಟ್ಟಿ ಬರುತ್ತಿದ್ದವು, ಒಂದೊಂದು ಸಲಕ್ಕೂ ರಾಶಿ ರಾಶಿ. ನಾನು ಬೆರಳು ಒದ್ದೆ ಮಾಡಿಕೊಂಡು ಹಾಳೆಯ ಮೂಲೆ ಎತ್ತುವುದು, ಅವಳು ಸೈನ್ ಹಾಕುವುದು. ಕೈ ತನ್ನ ಪಾಡಿಗೆ ಓಡುತ್ತಿತ್ತು, ಬಾಯಿ ನನ್ನ ಜೊತೆ ಹರಟುತ್ತಿತ್ತು. ಕಣ್ಣು ಹಾಳೆಯ ಮೇಲೆ ಇರುತ್ತಲೇ ಇರಲಿಲ್ಲ. ಶಾಸಕಿ ಆದ ಮೇಲೂ ಅದೇ. ಪಿ.ಎ. ಕಟ್ಟು ತಂದಿಡುತ್ತಿದ್ದ. ಪತ್ರ, ಆದೇಶ, ಸುತ್ತೋಲೆ. ಜೊತೆಗೆ ಗ್ಯಾಲರಿ ಪಾಸಿನ ಪುಸ್ತಕ. ಶಾಲೆ ಮಕ್ಕಳು ಸದನ ನೋಡಬೇಕು ಎಂದು ಅವಳಿಗೆ ಆಸೆ. ಹೆಸರಿನ ಜಾಗ ಖಾಲಿ ಬಿಟ್ಟು ಐವತ್ತು ಪಾಸಿಗೆ ಮೊದಲೇ ಸೈನ್ ಹಾಕಿಡುತ್ತಿದ್ದಳು.

ಆ ತಿಂಗಳು ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಹೊರದೇಶದ ಗಣ್ಯರು ಸದನದ ಮೆಟ್ಟಿಲ ಮೇಲೆ ಹಲ್ಲು ಬಿಟ್ಟು ನಿಂತಿದ್ದರು. ಅವರ ಹಿಂದೆ, ಕಂಬದ ಪಕ್ಕ, ಬಕೆಟ್ ಹಿಡಿದ ದೊಡ್ಡಮ್ಮ. ದೊಡ್ಡಮ್ಮ ನಮ್ಮಲ್ಲಿ ಹಿರಿಯಳು, ಹದಿನಾಲ್ಕು ವರ್ಷದ ಸರ್ವಿಸು, ಸಕ್ಕರೆ ಕಾಯಿಲೆಯವಳು. ಕಕ್ಕಸಿಗೆ ಹೋಗಿ ಬರುತ್ತಿದ್ದಳು ಪಾಪ. ಪೇಪರಮ್ಮ ಅದನ್ನು ತೋರಿಸಿದಾಗ ದೊಡ್ಡಮ್ಮ ನಾಚಿಕೊಂಡು, "ಬಕೆಟ್ ಚೆನ್ನಾಗಿ ಬಂದಿದೆ" ಎಂದಳು.

ಸೋಮವಾರ ಗೂಡಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ಬಾಗಿಲಿಗೆ ಹೊರಗಡೆಯಿಂದ ಹೊಸ ಚಿಲಕ. ಪೇಪರಮ್ಮ ಓದಿದಳು.

"ಸದನದ ಘನತೆಯ ಹಿತದೃಷ್ಟಿಯಿಂದ, ಶುಚಿತ್ವ ಸಿಬ್ಬಂದಿಯನ್ನು ಗಂಟೆಯಿಂದ ಗಂಟೆಯವರೆಗೆ ನಿಗದಿತ ಕೊಠಡಿಯಲ್ಲಿ ಇರಿಸಿ, ಹೊರಗಿನಿಂದ ಚಿಲಕ ಹಾಕತಕ್ಕದ್ದು. ಸಹಿ, ಸಮಿತಿಯ ಅಧ್ಯಕ್ಷರು."

ನನಗೆ ಅಕ್ಷರ ಬರುವುದಿಲ್ಲ. ಆದರೆ ಆ ಸೈನ್ ಗೊತ್ತು. ಇಲಿಬಾಲದ ಹಾಗೆ ಕೊನೆಗೊಂದು ಗೆರೆ ಎಳೆಯುತ್ತಾಳೆ. ಆ ಹಾಳೆಯೂ ಗೊತ್ತು. ಮೇಲೆ ಚಿನ್ನದ ಬಣ್ಣದ ಮುದ್ರೆ ಇತ್ತು, ಚೆಂದ ಇದೆಯಲ್ಲ ಎಂದುಕೊಂಡಿದ್ದೆ. ಹಿಂದಿನ ದಿನ ಅದರ ಮೂಲೆ ಎತ್ತಿದ್ದು ಈ ಬೆರಳೇ. ನನ್ನನ್ನು ಕೂಡಿ ಹಾಕುವ ಕಾಗದಕ್ಕೆ ನಾನೇ ಹಾಳೆ ತಿರುಗಿಸಿದ್ದೆ. ಮೈಯೆಲ್ಲ ಉರಿಯಿತು. ನಗುವೂ ಬಂತು. ಇಂಥ ಬುದ್ಧಿವಂತೆ ಇನ್ನೆಲ್ಲಿ ಸಿಗುತ್ತಾಳೆ?

ಅಂದು ಚಿಲಕ ಬಿತ್ತು. ಎರಡು ತಾಸಿಗೆ ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ನಾವು ಬಾಗಿಲು ಬಡಿದೆವು. ಸೂಪರ್‌ವೈಸರ್ ಆ ಕಡೆಯಿಂದ, "ಶ್! ಮುಖ್ಯಮಂತ್ರಿ ಮಾತಾಡ್ತಿದಾರೆ" ಎಂದ. ದೊಡ್ಡಮ್ಮ ತೊಡೆ ಬಿಗಿದುಕೊಂಡು ಕೂತಳು. ಬೆವರಿದಳು. ಆಮೇಲೆ ಮೂಲೆಗೆ ಹೋಗಿ ಬಕೆಟ್ ಮೇಲೆ ಕೂತಳು. ನಾವು ಐದೂ ಜನ ಗೋಡೆ ಕಡೆ ತಿರುಗಿದೆವು. ಸದ್ದು ಕೇಳಬಾರದೆಂದು ಪೇಪರಮ್ಮ ಜೋರಾಗಿ ಕೆಮ್ಮಿದಳು. ಎಲ್ಲರೂ ಕೆಮ್ಮಿದೆವು. ದೊಡ್ಡಮ್ಮ ಎದ್ದು ಸೀರೆ ಸರಿ ಮಾಡಿಕೊಂಡು, "ನನ್ನ ಮೊಮ್ಮಗಳಿಗೆ ಹೇಳ್ಬೇಡಿ" ಎಂದಳು. ಅವಳ ಮೊಮ್ಮಗಳು ಯಾರಿಗೂ ಪರಿಚಯವೇ ಇಲ್ಲ.

ವಾರವಿಡೀ ಹೀಗೇ ನಡೆಯಿತು. ಭಾನುವಾರ ನಾನು ಎಣ್ಣೆ ಹಚ್ಚಲಿಲ್ಲ. ನಿಂತೇ ಕೇಳಿದೆ.

"ಆ ಚಿಲಕದ ಕಾಗದ ಓದಿದ್ಯಾ?"

"ಯಾವ್ದು ಅಕ್ಕಾ?"

ಹೇಳಿದೆ. ಬಕೆಟಿನ ವಿಷಯವನ್ನೂ ಬಿಡದೆ ಹೇಳಿದೆ. ಅವಳ ಮುಖ ಬಿಳುಚಿತು. ಒಳ್ಳೆಯವಳೇ, ಇಲ್ಲ ಎನ್ನುವುದಿಲ್ಲ. ಆದರೆ ಬಿಳುಚಿದ ಮುಖ ನಿಧಾನಕ್ಕೆ ಮತ್ತೆ ಶಾಸಕಿಯ ಮುಖವಾಯಿತು.

"ಈಗ ವಾಪಸ್ ತಗೊಂಡ್ರೆ ಓದ್ದೇ ಸೈನ್ ಹಾಕ್ತಾಳೆ ಅಂತಾರೆ ಅಕ್ಕಾ. ಮಂತ್ರಿಸ್ಥಾನದ ಮಾತು ನಡೀತಿದೆ. ಅಧಿವೇಶನ ಮುಗೀಲಿ. ಇನ್ನು ಹದಿನೈದು ದಿನ ತಡ್ಕೊಳ್ಳಿ."

"ದೊಡ್ಡಮ್ಮಂಗೆ ಹದಿನೈದು ನಿಮಿಷ ತಡ್ಕೊಳ್ಳೋಕಾಗಲ್ಲ."

"ಒಂದು ಒಳ್ಳೆ ಬಕೆಟ್ಟು, ಮುಚ್ಚಳ ಇರೋದು, ಕಳಿಸ್ಲಾ?"

ನಾನು ಅವಳನ್ನೇ ನೋಡಿದೆ. ಶಿಕ್ಷಣ ಕಚೇರಿಯ ಗೇಟಿಗೆ ಹಲಗೆ ಕಟ್ಟಿದವಳು ಇವಳೇನಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುಚ್ಚಳ ಇರುವ ಬಕೆಟ್ಟು! ಅವಳು ಫೋನು ಬಂತೆಂದು ಒಳಗೆ ಹೋದಳು. ಮೇಜಿನ ಮೇಲೆ ಪಾಸಿನ ಪುಸ್ತಕ ಇತ್ತು. ಸೈನ್ ಹಾಕಿ ಮುಗಿದಿತ್ತು. ನಾನು ಆರು ಹಾಳೆ ಹರಿದು ಕುಪ್ಪಸದೊಳಗೆ ಇಟ್ಟುಕೊಂಡೆ. ಕದ್ದೆ ಎನ್ನಿ, ಬೇಜಾರಿಲ್ಲ.

ಮರುದಿನ ಬೆಳಿಗ್ಗೆ ಪೇಪರಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಪಾಸು ಬರೆದಳು. ಪಾಸಿನಲ್ಲಿ ಒಂದು ಸಾಲು ಇತ್ತು, ಶಾಸಕರಿಗೆ ಏನಾಗಬೇಕು ಎಂದು.

"ನಂಗೆ ಅಕ್ಕ ಅಂತ ಬರಿ" ಎಂದೆ.

"ನಂಗೆ ದೊಡ್ಡಮ್ಮ ಅಂತ್ಲೇ ಬರೀ" ಎಂದಳು ದೊಡ್ಡಮ್ಮ. "ಎಲ್ಲರೂ ಹಾಗೇ ತಾನೇ ಕರೆಯೋದು."

ಉಳಿದವರೂ ಶುರು ಮಾಡಿದರು. ಒಬ್ಬಳು ಚಿಕ್ಕಮ್ಮ ಆದಳು. ಒಬ್ಬಳು ನಾದಿನಿ. ಇನ್ನೊಬ್ಬಳು, "ನಂಗೆ ಬೀಗಿತ್ತಿ ಆಗೋ ಆಸೆ ಮೊದಲಿಂದ್ಲೂ" ಎಂದಳು. ಪೇಪರಮ್ಮ ತನಗೆ ಸೊಸೆ ಎಂದು ಬರೆದುಕೊಂಡಳು. ಪುಟ್ಟಿಗೆ ಮಗನೇ ಇಲ್ಲ!

ಗಂಟೆ ಹೊಡೆಯಿತು. ಸೂಪರ್‌ವೈಸರ್ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದ.

"ಹೂಂ, ಒಳಗೆ ನಡೀರಿ."

ನಾವು ಗೂಡಿನ ಮುಂದೆ ಬಂದೆವು. ಬಕೆಟ್ ಇಟ್ಟೆವು. ಪೊರಕೆ ಇಟ್ಟೆವು. ಕೆಲಸ ಹೋದರೆ ಆರೂ ಮನೆಯ ಒಲೆ ಆರುತ್ತದೆ. ಗೊತ್ತಿತ್ತು. ಕಾಲು ಒಳಗೆ ಹೋಗಲಿಲ್ಲ.

"ಹೋಗಲ್ಲ" ಎಂದೆ.

"ಏನು?"

"ಹೋಗಲ್ಲ ಸಾರ್. ನೀವೇ ಹೋಗಿ. ಖಾಲಿ ಇದೆ."

ಅವನು ನಿಜಕ್ಕೂ ಒಳಗೆ ಇಣುಕಿ ನೋಡಿದ. ಗಂಟೆ ಹೊಡೆದ ಮೇಲೆ ಕೂಗಾಡುವಂತೆಯೂ ಇರಲಿಲ್ಲ. ನಾವು ಮೆಟ್ಟಿಲು ಹತ್ತಿದೆವು. ಕೈಯಲ್ಲಿ ಏನೂ ಇಲ್ಲದೆ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೈ ಎಲ್ಲಿ ಇಡಬೇಕೆಂದೇ ತಿಳಿಯದು. ದೊಡ್ಡಮ್ಮ ನನ್ನ ಕೋಟಿನ ತುದಿ ಹಿಡಿದಿದ್ದಳು. ಯಾರಿಗೋ ನಗು ಶುರುವಾಯಿತು. ಅದು ಎಲ್ಲರಿಗೂ ಅಂಟಿತು.

ಗ್ಯಾಲರಿ ಬಾಗಿಲಿನ ಕಾವಲುಗಾರ ನಮ್ಮನ್ನು ಹದಿಮೂರು ವರ್ಷದಿಂದ ದಿನಾ ನೋಡಿದವನು. ಗುರುತು ಹಿಡಿಯಲಿಲ್ಲ. ಪಾಸು ನೋಡಿದ, ಸೈನ್ ನೋಡಿದ, ನೀಲಿ ಕೋಟು ನೋಡಿದ.

"ಅಕ್ಕ, ದೊಡ್ಡಮ್ಮ, ಚಿಕ್ಕಮ್ಮ, ಬೀಗಿತ್ತಿ... ಏನ್ರಮ್ಮಾ, ಮದುವೆ ದಿಬ್ಬಣಾನಾ?"

"ಹೂಂ ಕಣಪ್ಪಾ, ಹೆಣ್ಣಿನ ಕಡೆಯವ್ರು" ಎಂದಳು ದೊಡ್ಡಮ್ಮ. ಸೈನ್ ಸರಿಯಿತ್ತು. ಬಿಟ್ಟ.

ಗ್ಯಾಲರಿಯ ಕುರ್ಚಿ ಮಡಚುವಂಥದ್ದು. ಅದನ್ನು ಒರೆಸುವುದು ಗೊತ್ತು, ಕೂರುವುದು ಗೊತ್ತಿಲ್ಲ. ದೊಡ್ಡಮ್ಮ ಅಂಚಿಗೆ ಕೂತಳು. ಕುರ್ಚಿ ಪಟ್ಟನೆ ಮಡಚಿ ಅವಳು ಕೆಳಗೆ ಬಿದ್ದಳು. ಎತ್ತಿ ಕೂರಿಸಿದೆವು. ಹಿಂದಕ್ಕೆ ಒರಗಿದೆವು. ಅಬ್ಬಾ! ಎಂಥ ಮೆತ್ತೆ! ಹಿಂಗೆ ಕೂತು ಇವರು ನಿದ್ದೆ ಮಾಡದೆ ಇನ್ನೇನು ಮಾಡುತ್ತಾರೆ?

ಕೆಳಗೆ ಒಬ್ಬ ಮಂತ್ರಿ ಬಸ್ ನಿಲ್ದಾಣಗಳ ಬಗ್ಗೆ ಓದುತ್ತಿದ್ದ. ಓದಿದ, ಓದಿದ, ಓದಿದ. ಪುಟ್ಟಿ ಮೂರನೇ ಸಾಲಿನಲ್ಲಿ ಫೋನು ನೋಡುತ್ತಿದ್ದಳು. ಎರಡು ತಾಸು ಕಳೆದಿರಬೇಕು, ಪೇಪರಮ್ಮ ನನ್ನ ಪಕ್ಕೆಗೆ ತಿವಿದಳು.

"ಅಕ್ಕಾ, ಆಗ ಓದಿದ್ದ ಪುಟಾನೇ ಮತ್ತೆ ಓದ್ತಿದಾನೆ ಕಣೇ!"

ನಿಜ. ಅದೇ ಹದಿನೇಳು ನಿಲ್ದಾಣ, ಅದೇ ಚಾವಣಿ, ಅದೇ ಬೆಂಚು. ಕೆಳಗೆ ಒಬ್ಬರಿಗೂ ಗೊತ್ತಾಗಿರಲಿಲ್ಲ. ಓದುವವನಿಗೂ ಗೊತ್ತಾಗಿರಲಿಲ್ಲ! ಬೀಗಿತ್ತಿಗೆ ಮೊದಲು ನಗು ಒಡೆಯಿತು. ಆಮೇಲೆ ನನಗೆ. ಆಮೇಲೆ ಆರೂ ಜನಕ್ಕೆ. ತಡೆದಷ್ಟೂ ಜಾಸ್ತಿ. ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ನೋವು. ಇಡೀ ಸದನ ತಲೆ ಎತ್ತಿ ನೋಡಿತು.

ಸಭಾಧ್ಯಕ್ಷರು ಸುತ್ತಿಗೆ ಬಡಿದರು. "ಗ್ಯಾಲರಿಯಲ್ಲಿ ಯಾರದು? ಕೆಲಸದವರನ್ನು ಬಿಟ್ಟವರು ಯಾರು?"

ಕಾವಲುಗಾರ ನಡುಗುತ್ತಾ ಪಾಸು ತೋರಿಸಿದ. ಪಾಸು ಕೆಳಗೆ ಹೋಯಿತು. ಸಭಾಧ್ಯಕ್ಷರು ಕನ್ನಡಕ ಹಾಕಿಕೊಂಡರು. ಪುಟ್ಟಿಯ ಕಡೆ ತಿರುಗಿದರು.

"ಮಾನ್ಯ ಸದಸ್ಯೆ, ಇದು ನಿಮ್ಮ ಸಹಿಯೇ?"

ಪುಟ್ಟಿ ಎದ್ದು ನಿಂತಳು. ಮೇಲೆ ನೋಡಿದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಆಯಿತು ಮುಖ. ಅಲ್ಲ ಎಂದರೆ ನಮ್ಮನ್ನು ಪೊಲೀಸಿಗೆ ಕೊಡುತ್ತಾರೆ. ಓದದೆ ಹಾಕಿದೆ ಎಂದರೆ ಅವಳ ಮಂತ್ರಿಸ್ಥಾನ ಹೋಗುತ್ತದೆ. ನಾನು ಮುಂದಕ್ಕೆ ಬಾಗಿದೆ. ಎಷ್ಟಾದರೂ ಐದು ವರ್ಷದವಳನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟವಳು ನಾನು.

"ಹೌದು ಸಭಾಧ್ಯಕ್ಷರೇ" ಎಂದಳು. ಧ್ವನಿ ಮೊದಲು ಸಣ್ಣದಿತ್ತು, ಆಮೇಲೆ ಏರಿತು. "ನಾನೇ ಕರೆಸಿದ್ದು. ಈ ಸದನವನ್ನು ಕನ್ನಡಿಯಂತೆ ಬೆಳಗುವ ತಾಯಂದಿರು ಇವರು. ಅವರನ್ನು ಗೌರವಿಸುವುದು ನನ್ನ ಕನಸಾಗಿತ್ತು. ಇಂದು ನಾನು ಅವರಿಗೆ ಈ ಗ್ಯಾಲರಿಯಲ್ಲಿ ಸ್ಥಾನ ಕೊಟ್ಟಿದ್ದೇನೆ."

ಮೇಜು ಕುಟ್ಟಿದರು. ಆ ಕಡೆಯವರೂ ಕುಟ್ಟಿದರು, ಈ ಕಡೆಯವರೂ ಕುಟ್ಟಿದರು. ಬಸ್ ನಿಲ್ದಾಣದ ಮಂತ್ರಿಯೂ ಕುಟ್ಟಿದ. ದೊಡ್ಡಮ್ಮ ಕೈ ಮುಗಿಯಲು ಎತ್ತಿದಳು.

ನಾನು ಆ ಕೈ ಹಿಡಿದು ಕೆಳಗಿಳಿಸಿದೆ. ಎದ್ದು ನಿಂತೆ. ಕುರ್ಚಿ ಪಟ್ಟನೆ ಮಡಚಿಕೊಂಡಿತು.

"ಸುಳ್ಳು!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

"ಇವ್ಳು ಕರೀಲಿಲ್ಲ! ಇವ್ಳು ನಮ್ಮನ್ನ ಮೆಟ್ಟಿಲ ಕೆಳಗೆ ಕೂಡಿ ಹಾಕಿ ಹೊರಗಿಂದ ಚಿಲಕ ಹಾಕ್ಸಿದ್ಲು! ಕಾಗ್ದಕ್ಕೆ ಇವ್ಳದೇ ಸೈನು! ನಿಮ್ಮ ಭಾಷಣ ಮುಗಿಯೋಗಂಟ ನಾವು ಬಕೆಟ್ಟಲ್ಲಿ ಉಚ್ಚೆ ಹೊಯ್ತೀವಿ, ಗೊತ್ತೇನ್ರೀ ನಿಮ್ಗೆ? ಇವ್ಳು ಜಾಗ ಕೊಟ್ಟಿಲ್ಲ. ಪಾಸು ನಾನೇ ಹರ್ಕೊಂಡೆ. ನಮ್ಮನ್ನ ಯಾರೂ ಕರೀಲಿಲ್ಲ. ನಾವೇ ಬಂದ್ವಿ!"

ಪುಟ್ಟಿ ನಿಂತೇ ಇದ್ದಳು. ಸಭಾಧ್ಯಕ್ಷರು ಕೂಗಿದರು. "ಹೊರಗೆ ಹಾಕಿ! ಎತ್ತಿ ಹೊರಗೆ ಹಾಕಿ!"

ಮಾರ್ಷಲ್‌ಗಳು ಓಡಿ ಬಂದರು. ಎಂಟು ಜನ. ಬಿಳಿ ಕೈಗವಸು, ಹೊಳೆಯುವ ಬಟನ್ನು. ಓಡಿ ಬಂದವರು ಎರಡು ಮಾರು ದೂರದಲ್ಲಿ ನಿಂತರು.

ನಮ್ಮನ್ನು ಮುಟ್ಟಬೇಕಲ್ಲ!

ಕ್ಯಾಂಟೀನಿನಲ್ಲಿ ನಮ್ಮ ಲೋಟಕ್ಕೆ ಮೇಲಿಂದ ಟೀ ಸುರಿಯುವವರು ಇವರು. ನಾವು ಹಾದುಹೋದರೆ ಗೋಡೆಗೆ ಅಂಟಿಕೊಳ್ಳುವವರು. ಈಗ ನಮ್ಮ ರಟ್ಟೆ ಹಿಡಿದು ಎತ್ತಬೇಕು. ಒಬ್ಬನ ಮುಖ ಒಬ್ಬ ನೋಡಿದ. "ನೀನು ಹಿಡಿ." "ನೀನೇ ಹಿಡಿ." ದೊಡ್ಡಮ್ಮ ಎರಡೂ ಕೈ ಮುಂದೆ ಚಾಚಿದಳು.

"ಹಿಡ್ಕೊಳಪ್ಪಾ. ಮಂಡಿ ನೋವು. ಎಬ್ಬಿಸು."

ಅವನು ಹಿಂದಕ್ಕೆ ಹಾರಿದ. ಹಿಂದಿನವನ ಕಾಲು ತುಳಿದ. ನಾವು ಮತ್ತೆ ನಕ್ಕೆವು. ಈ ಸಲ ತಡೆಯಲಿಲ್ಲ. ಒಂದು ಜನ್ಮವೆಲ್ಲ ನಮ್ಮನ್ನು ಮುಟ್ಟದೆ ಅವಮಾನ ಮಾಡಿದಿರಿ, ಈಗ ಅನುಭವಿಸಿ! ಮಾಡಿದ್ದುಣ್ಣೋ ಮಾರಾಯ! ಪೇಪರಮ್ಮ ಒಬ್ಬೊಬ್ಬರ ಕಡೆಯೂ ಕೈ ಚಾಚುತ್ತಾ ಹೋದಳು. ಎಂಟು ಜನ ಗಂಡಸರು ಗೋಡೆಗೆ ಅಂಟಿದರು. ಸಭಾಧ್ಯಕ್ಷರು ಸುತ್ತಿಗೆ ಬಡಿದೂ ಬಡಿದೂ ಸೋತು, ಕಲಾಪ ಮುಂದೂಡಿ ಎದ್ದು ಹೋದರು. ನಾವು ಕೂತೇ ಇದ್ದೆವು. ಸದನವೇ ಖಾಲಿಯಾಯಿತು. ಕೊನೆಯವನೂ ಹೊರಟ ಮೇಲೆ ದೊಡ್ಡಮ್ಮ ತಾನಾಗಿ ಎದ್ದಳು.

"ಈಗ ಹೋಗ್ಬೇಕು ಕಣ್ರೇ. ಜೋರಾಗಿ ಬಂದಿದೆ."

ಹತ್ತಿರದಲ್ಲಿದ್ದದ್ದು ಮಹಿಳಾ ಸದಸ್ಯರ ಶೌಚಾಲಯ. ಎರಡು ಬಾಗಿಲು, ಅದರಲ್ಲಿ ಒಂದರ ನಲ್ಲಿ ಕೆಟ್ಟು ತಿಂಗಳಾಗಿತ್ತು. ದೊಡ್ಡಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಡೆಯಿಂದ. ನಾವು ಐದು ಜನ ಸಾಲಾಗಿ ನಿಂತೆವು. ನಗು ಇನ್ನೂ ನಿಂತಿರಲಿಲ್ಲ.

ಪುಟ್ಟಿ ಬಂದಳು. ಹಿಂದೆ ಇಬ್ಬರು ಮಹಿಳಾ ಸದಸ್ಯರು. ಕಣ್ಣು ಕೆಂಪಾಗಿತ್ತು.

"ಅಕ್ಕಾ, ಎಲ್ಲರ ಮುಂದೆ ನನ್ನ ಮಾನ ಕಳೆದ್ಬಿಟ್ಯಲ್ಲ."

"ನಾನು ಕಳೆದಿದ್ದು ನಿನ್ ಒಂದು ಸುಳ್ಳನ್ನ ಅಷ್ಟೇ."

ಅವಳು ತುಟಿ ಕಚ್ಚಿದಳು. "ಆ ಕಾಗದ ಈಗ್ಲೇ ವಾಪಸ್ ತಗೋತೀನಿ" ಎಂದಳು.

"ತಗೋ, ಬಿಡು. ನಿನ್ನಿಷ್ಟ. ನಾವಂತೂ ಆ ಗೂಡಿನೊಳಗೆ ಹೋಗಲ್ಲ."

ಅವಳು ಕಾಲು ಬದಲಾಯಿಸಿದಳು. ಬಾಗಿಲ ಕಡೆ ನೋಡಿದಳು. ಬೆಳಗಿನಿಂದ ಕೂತವಳು, ಅವಳಿಗೂ ಅವಸರ. "ಅಕ್ಕಾ, ಸ್ವಲ್ಪ ದಾರಿ ಬಿಡು" ಎಂದು ಮುಂದೆ ಬಂದಳು.

"ಸಾಲಲ್ಲಿ ನಿಂತ್ಕೋ" ಎಂದೆ.

ಹತ್ತೊಂಬತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿದವಳು. ಒಂದು ಚಣ ನನ್ನನ್ನು ನೋಡಿದಳು. ಆಮೇಲೆ ಹೋಗಿ ಪೇಪರಮ್ಮನ ಹಿಂದೆ ನಿಂತಳು. ಅವಳ ಹಿಂದೆ ಆ ಇಬ್ಬರು ಸದಸ್ಯರೂ ನಿಂತರು.

ದೊಡ್ಡಮ್ಮನಿಗೆ ಯಾವ ಅವಸರವೂ ಇರಲಿಲ್ಲ. ಒಳಗಿನಿಂದ ನೀರಿನ ಸದ್ದು ಕೇಳಿತು. ಆಮೇಲೆ ಅವಳ ದನಿ.

"ಅಯ್ಯಯ್ಯೋ, ಎಷ್ಟು ಚೆನ್ನಾಗಿ ತೊಳ್ದಿದೀನ್ರೇ ಇದನ್ನ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಂಗಿಯೂ ನಕ್ಕಳು. ಆದರೂ ಅವಳನ್ನು ಮುಂದೆ ಬಿಡಲಿಲ್ಲ.